ರೊಟ್ಟಿಗೆ ಪಾಳಿ ಹಚ್ಚಿದ್ದು

ಸರಿಯಾಗಿಯೇ ನಡೆಯುತ್ತಿರುವುದನ್ನು ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ಅದನ್ನು ಇನ್ನಷ್ಟು ಸರಿ ಮಾಡದಿದ್ದರೆ ಉಂಡದ್ದು ಅರಗುವುದಿಲ್ಲ. ನಾನು ಆ ಪೈಕಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದ್ದರಿಂದ ಭಾಗಾಕಾರದ ಮೇಲೆ ನನಗೆ ಸ್ವಲ್ಪ ಹೆಚ್ಚೇ ನಂಬಿಕೆ.

ರೋಣದಲ್ಲಿ ನಾವು ಮೂವರು ಹೆಂಗಸರು ಕೂಡಿ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ದವಾಖಾನೆಯಲ್ಲಿ ನರ್ಸ್ ಆಗಿರುವ ಶಾಂತಕ್ಕ ಹಿರಿಯಳು. ಬ್ಯಾಂಕಿಗೆ ಹೊಸದಾಗಿ ಸೇರಿದ ರೇಣುಕಾ ಕಿರಿಯಳು. ಸಂಜೆಯಾದರೆ ಮೂವರೂ ಆ ಇಕ್ಕಟ್ಟಾದ ಅಡುಗೆಮನೆಗೆ ನುಗ್ಗುತ್ತಿದ್ದೆವು. ರೇಣುಕಾ ಜೋಳದ ರೊಟ್ಟಿ ಬಡಿಯುವಳು, ನಾನು ಹಂಚಿನ ಮುಂದೆ ನಿಂತು ಬೇಯಿಸುವವಳು, ಶಾಂತಕ್ಕನದು ಪಲ್ಯ. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತಿತ್ತು, ಕೈಗಿಂತ ಬಾಯಿಗೇ ಹೆಚ್ಚು ಕೆಲಸ. ಇಷ್ಟು ಅಡುಗೆಗೆ ಮೂವರ ಸಂಜೆ ಯಾಕೆ ಹಾಳಾಗಬೇಕು, ದಿನಕ್ಕೊಬ್ಬರು ಮಾಡಿದರೆ ಉಳಿದಿಬ್ಬರು ಆರಾಮಾಗಿರಬಹುದಲ್ಲ ಎಂದು ಪಾಳಿ ಹಚ್ಚಿದೆ. ಇಬ್ಬರೂ ಒಪ್ಪಿದರು. ನನ್ನ ಜೊತೆ ವಾದ ಮಾಡುವುದಕ್ಕಿಂತ ಅಡುಗೆ ಮಾಡುವುದು ಸಲೀಸು ಎಂದು ಅವರಿಗೆ ಗೊತ್ತಿತ್ತು.

ಪಾಳಿ ಚಾಚೂ ತಪ್ಪದೆ ನಡೆಯಿತು. ಮಾಡಿದವರು ಮುಚ್ಚಿಟ್ಟು ಹೋಗುವರು. ಹಸಿವಾದವರು ಹಾಕಿಕೊಂಡು, ಮೊಬೈಲು ಹಿಡಿದು ತಂತಮ್ಮ ಮೂಲೆ ಸೇರುವರು. ಜೋಳ ಬೆಳೆಯುವ ಸವಡಿಯಲ್ಲಿ ಹುಟ್ಟಿಯೂ ರೊಟ್ಟಿ ಬಡಿಯಲು ಬಾರದ ನಾನು ನನ್ನ ಪಾಳಿಗೆಲ್ಲ ಒಗ್ಗರಣೆ ಅವಲಕ್ಕಿ ಮಾಡಿದೆ. ಮನೆ ಎಷ್ಟು ಶಾಂತವಾಗಿದೆ ಎಂದು ಹಿಗ್ಗುತ್ತಿರುವಾಗಲೇ ರೇಣುಕಾ, "ಅಕ್ಕಾರ, ನಾ ಬ್ಯಾರೆ ಖೋಲಿ ನೋಡಾಕತ್ತೀನ್ರಿ" ಎಂದಳು.

"ಯಾಕವಾ, ಇಲ್ಲೇನ್ ಕಡಿಮಿ ಆಗೇತಿ?" ಎಂದು ಕೇಳಿದೆ.

"ಕಡಿಮಿ ಏನಿಲ್ರಿ. ಲಾಡ್ಜಿನ್ಯಾಗ ಇದ್ದಂಗ ಅನಸ್ತೈತಿ. ಹಿಂಗ ಇರೂದಾದ್ರ ಒಬ್ಬಾಕಿನ ಇದ್ರಾತು."

ಆ ಹುಡುಗಿ ಹೋದರೆ ಮನೆ ಬಿಕೋ ಎನ್ನುತ್ತದೆ. ಹೋಗಬೇಡ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಮರುದಿನ ನನ್ನ ಪಾಳಿ. ಅವಲಕ್ಕಿ ಬಿಟ್ಟು, ಅವಳಿಗಿಷ್ಟವೆಂದು ರೊಟ್ಟಿಗೇ ಕೈ ಹಾಕಿದೆ. ಒಂದನ್ನು ಬಡಿಯುವಷ್ಟರಲ್ಲಿ ಹಂಚಿನ ಮೇಲಿನದು ಸೀದಿತು. ಅದನ್ನು ತೆಗೆಯಲು ಹೋದರೆ ಕೈಯಲ್ಲಿದ್ದದ್ದು ಹರಿಯಿತು. ಹೊಗೆ ಕಂಡು ಇಬ್ಬರೂ ಎದ್ದು ಬಂದರು. ರೇಣುಕಾ ನನ್ನನ್ನು ಪಕ್ಕಕ್ಕೆ ಸರಿಸಿ ಹಿಟ್ಟು ನಾದತೊಡಗಿದಳು. ಶಾಂತಕ್ಕ ಉಳ್ಳಾಗಡ್ಡಿ ಹೆಚ್ಚಲು ಕೂತಳು.

"ಇವತ್ತ ಪಾಳಿ ನಂದೈತಿ" ಎಂದೆ, ಹಟಕ್ಕೆ.

"ಪಾಳಿ ನಿಂದ ಇರ್ಲಿ ತಗೋ" ಎಂದಳು ಶಾಂತಕ್ಕ. "ಹಸಿವಿ ಮೂರೂ ಮಂದೀದೈತಿ."

ರೇಣುಕಾ ಆಮೇಲೆ ಖೋಲಿಯ ಮಾತೆತ್ತಿಲ್ಲ. ನಾನು ಮತ್ತೆ ಹಂಚಿನ ಮುಂದೆ ನಿಂತಿದ್ದೇನೆ. ಅಡುಗೆಮನೆ ಮೊದಲಿನಷ್ಟೇ ಇಕ್ಕಟ್ಟು. ಒಲೆ ಪಕ್ಕದ ಡಬ್ಬಿಗಳನ್ನು ಮೇಲಿಟ್ಟರೆ ಚೂರು ಜಾಗವಾದೀತಲ್ಲ ಎಂದು ನಿನ್ನೆ ಬಾಯಿ ತೆರೆದೆ. ಇಬ್ಬರೂ ಒಟ್ಟಿಗೇ ತಿರುಗಿ ನೋಡಿದರು. ನಾನು ಸುಮ್ಮನೆ ರೊಟ್ಟಿ ತಿರುವಿ ಹಾಕಿದೆ.