ನಾಗಲಕ್ಷ್ಮಕ್ಕನಿಗೆ ಮೀಸೆ ಅಂಟಿಸಿದ ಕಾದಂಬರಿಕಾರರಿಗೆ

ನಮ್ಮ ಕಾಲೇಜಿನ ಕನ್ನಡ ಉಪನ್ಯಾಸಕರೂ, ಹದಿಹರೆಯದವರ ಮನಸ್ಸನ್ನು ಅಂಗೈಯಲ್ಲಿಟ್ಟುಕೊಂಡು ಓಡಾಡುವವರೂ ಆದ ಹಾಸನದ ಕಾದಂಬರಿಕಾರ ಸಂಪತ್ಕುಮಾರ್ ಅವರಿಗೆ, ದುದ್ದದ ತಮ್ಮಯ್ಯನ ಮಗಳು, ದ್ವಿತೀಯ ಪಿಯುಸಿಯ ಶೋಭಿತಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ತಮ್ಮ ‘ಶೋಭನಾಳ ಗುಟ್ಟು’ ಓದಿ ಮುಗಿಸಿದೆ. ನನ್ನದೇ ಗುಟ್ಟನ್ನು ಓದುವಾಗ ನನಗೇ ಆಕಳಿಕೆ ಬರುವಂತೆ ಬರೆಯುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಶೋಭಿತಾಳನ್ನು ಶೋಭನಾ ಮಾಡಿ ನನ್ನ ಗುರುತೇ ಸಿಗದಂತೆ ನೋಡಿಕೊಂಡ ತಮ್ಮ ಮುಂದಾಲೋಚನೆಗೂ ಋಣಿ; ದುದ್ದದಲ್ಲಿ ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಕಾಲೇಜಿಗೆ ಬಂದು, ಎಡಗೈಯಲ್ಲಿ ಬರೆಯುವ ಹುಡುಗಿಯರು ಬೀದಿಗೆ ಹತ್ತು ಮಂದಿ ಇದ್ದಾರೆಂದು ತಾವು ತಿಳಿದಿರಬೇಕು.

ಕಾಲೇಜಿನ ಆಪ್ತಸಮಾಲೋಚನೆಯ ಕೋಣೆಯಲ್ಲಿ “ಯಾರಿಗೂ ಹೇಳಲ್ಲ ಕಣಮ್ಮ” ಎಂದು ಕೊಟ್ಟ ಮಾತಿಗೂ ತಾವು ತಪ್ಪಲಿಲ್ಲ. ಯಾರಿಗೂ ಹೇಳಲಿಲ್ಲ, ಅಚ್ಚು ಹಾಕಿಸಿದಿರಿ, ಅಷ್ಟೇ. ಆದರೆ ನಾನು ಹೇಳಿದ್ದೇನು? ಶನಿವಾರ ಕಾಲೇಜು ಬಿಟ್ಟ ಮೇಲೆ ಮೊಸಳೆ ಊರಿನ ಜೋಡಿ ಗುಡಿಗಳಾಚೆಯ ಬಯಲಲ್ಲಿ ನಮ್ಮೂರ ನಾಗಲಕ್ಷ್ಮಕ್ಕ ನನಗೆ ಬುಲೆಟ್ ಓಡಿಸಲು ಕಲಿಸುತ್ತಾರೆ, ಗಾಡಿ ಅವರ ಗಂಡನದು, ಮನೆಯಲ್ಲಿ ಗೊತ್ತಾದರೆ ಇಬ್ಬರಿಗೂ ಗ್ರಹಚಾರ, ಎಂದು. ತಾವು ಅಕ್ಕನಿಗೆ ಮೀಸೆ ಅಂಟಿಸಿ, ಅರ್ಣವನೆಂದು ನಾಮಕರಣ ಮಾಡಿ, ನನ್ನನ್ನು ಅವನ ಬೆನ್ನ ಹಿಂದೆ ಕೂರಿಸಿ ಪುಟಗಟ್ಟಲೆ ನಿಟ್ಟುಸಿರು ಬಿಡಿಸಿದಿರಿ. ಅಯ್ಯೋ ಸಾರ್, ಗೇರು ಹಾಕುತ್ತಿದ್ದವಳು ನಾನು! ನಿಟ್ಟುಸಿರಿಗೆ ಪುರುಸೊತ್ತೆಲ್ಲಿತ್ತು?

ಈಗ ಹಾಲಿನ ಸಾಲು ಕರಗುವವರೆಗೆ ನಮ್ಮೂರ ಡೈರಿಯಲ್ಲಿ ತಮ್ಮ ಪುಸ್ತಕದ ಪಾರಾಯಣ. ಊರಲ್ಲಿ ಬುಲೆಟ್ ಇರುವುದು ಒಬ್ಬರ ಹತ್ತಿರವೇ, ಡೈರಿಯಲ್ಲಿ ಹಾಲು ಗಟ್ಟಿಯೋ ನೀರೋ ಎಂದು ಡಿಗ್ರಿ ನೋಡುವ ನಟರಾಜಣ್ಣನ ಹತ್ತಿರ, ಅಂದರೆ ನಾಗಲಕ್ಷ್ಮಕ್ಕನ ಗಂಡನ ಹತ್ತಿರ. ಐವತ್ತರ ಹತ್ತಿರದ ವಯಸ್ಸು, ಮಂಡಿನೋವು ಬೇರೆ. ಪಾಪ, ಅವರೇ ಅರ್ಣವನೆಂದು ಊರು ತೀರ್ಮಾನಿಸಿಬಿಟ್ಟಿತು. ನಮ್ಮ ಹಾಲಿಗೆ ಒಳ್ಳೆಯ ಡಿಗ್ರಿ ಬಂದ ದಿನ ಬೋರಪ್ಪ ಸಾಲಿನಿಂದಲೇ “ಬರ್ದೆ ಇದ್ದಾತಾ ಕಣ್ಲಾ, ಯಾರ ಮನೆ ಆಲು ಅದು!” ಎಂದು ಕೂಗಿದ. ಮಾರನೆಯ ದಿನದಿಂದ ನಟರಾಜಣ್ಣ ಮಾನ ಉಳಿಸಿಕೊಳ್ಳಲು ನಮ್ಮ ಗಟ್ಟಿ ಹಾಲನ್ನೂ ನೀರೆಂದು ವಾಪಸ್ ಕಳಿಸುತ್ತಿದ್ದಾರೆ. ಅಪ್ಪ ನನ್ನ ಬಸ್ ಪಾಸು ಕಿತ್ತುಕೊಂಡು “ಕಾಲೇಜೂ ಬ್ಯಾಡ, ಏನೂ ಬ್ಯಾಡ” ಎಂದರು. ಪರೀಕ್ಷೆ ಎದುರಿಗಿದೆ, ನನಗೆ ಅಳುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಆದ್ದರಿಂದ ಮಾನ್ಯರು ದಯಮಾಡಿ ಮುಂದಿನ ಮುದ್ರಣದಲ್ಲಿ ಶೋಭನಾಳನ್ನು ಅರಕಲಗೂಡಿಗೆ ವರ್ಗ ಮಾಡಿಸಿ, ಬಲಗೈಯಲ್ಲಿ ಬರೆಸಿ, ಅರ್ಣವನಿಗೆ ಬುಲೆಟ್ಟಿನ ಬದಲು ಎತ್ತಿನ ಗಾಡಿ ಕೊಡಿಸಬೇಕು. ಅದಾಗದಿದ್ದರೆ ಬೆಳಗಿನ ಹಾಲಿನ ಹೊತ್ತಿಗೆ ತಾವೇ ಡೈರಿಗೆ ಬಂದು ಓದಬೇಕು. ಮೂರನೇ ಪುಟಕ್ಕೆ ಊರೇ ಮಲಗುತ್ತದೆ, ನನ್ನ ಮಾನ ಉಳಿಯುತ್ತದೆ.

ನಿಜ ಹೇಳಿದರೆ ಅಕ್ಕ ಸಿಕ್ಕಿಬೀಳುತ್ತಾರೆಂದು ನಾನು ಇಷ್ಟು ದಿನ ಬಾಯಿ ಬಿಡಲಿಲ್ಲ. ನಿನ್ನೆ ಅವರೇ ಮನೆಗೆ ಬಂದು, ಅಪ್ಪನ ಎದುರಿಗೇ, “ನನ್ನ ಎಸ್ರು ಆಕೇ ಬರಿ ಕಣೇ. ಆ ಮೀಸೆ ನಂಗ್ಯಾಕೆ?” ಎಂದರು.

ಇಂತಿ,
ಒಮ್ಮೆ ತಮ್ಮನ್ನು ನಂಬಿದ್ದ ವಿಶ್ವಾಸಿ,
ಶೋಭಿತಾ

ಮರೆತಿದ್ದೆ: ಭಾನುವಾರ ಹಾಸನದಲ್ಲಿ ತಮಗೆ ನಡೆಯುವ ಸನ್ಮಾನಕ್ಕೆ ನಾವೂ ಬರುತ್ತಿದ್ದೇವೆ. ಬುಲೆಟ್ ಓಡಿಸುವವಳು ನಾನು, ಹಿಂದೆ ಕೂರುವವರು ಮೀಸೆ ಕಿತ್ತೆಸೆದ ತಮ್ಮ ಅರ್ಣವ. ಗಾಡಿ ನಮ್ಮ ಹತ್ತಿರ ಇರುವುದರಿಂದ ನಟರಾಜಣ್ಣನೂ ಅಪ್ಪನೂ ಬಸ್ಸಿಗೆ ಬರುತ್ತಾರೆ. ನನ್ನ ಪಾಸು ಅಪ್ಪನ ಜೇಬಿನಲ್ಲೇ ಇರುತ್ತದೆ. ತಾವು ಮೈಕು ಹಿಡಿದು ನಿಜ ಹೇಳಿದ ಕೂಡಲೇ ಅದನ್ನು ಅಲ್ಲೇ ನನ್ನ ಕೈಗೆ ಕೊಡುತ್ತಾರಂತೆ. ಭಾಷಣ ಚಿಕ್ಕದಾಗಿರಲಿ ಸಾರ್, ಅಪ್ಪ ತಮ್ಮ ಪುಸ್ತಕ ಕೇಳುವಾಗಲೂ ನಿದ್ದೆ ಹೋಗಿದ್ದರು.