ಅಬ್ಬಿಗೇರಿ ಸರ ಹೂಡಿದ ಸರಿಗುರುತಿನ ಸಂಗ್ರಾಮ

ಆದಿಯಲ್ಲಿ ಪ್ರಶ್ನೆಯನ್ನು ಸೃಜಿಸಿ, ಬಳಿಕ ಉತ್ತರವನ್ನು ಸೃಜಿಸಿ, ಎರಡರ ನಡುವೆ ಮೂರು ತಾಸಿನ ಮಾಯೆಯನ್ನು ಹಾಸಿದ ಪರಮಾತ್ಮನೇ, ನಿನಗೆ ಶರಣು. ವೀಣಾಪಾಣಿಯೇ, ಪುಸ್ತಕಹಸ್ತೆಯೇ, ಈಚೆಗೆ ಮೌಸಿನ ಮೇಲೂ ಬೆರಳಿಟ್ಟಿರುವ ತಾಯಿ ಶಾರದೆಯೇ, ಹೇಳುವವನ ನಾಲಗೆಗೂ ಕೇಳುವವರ ಕಿವಿಗೂ ಇಳಿದು ಬಾ. ಕೆಂಪು ಶಾಯಿ ಬತ್ತಿ, ಉತ್ತರಪತ್ರಿಕೆಗಳು ಕಾಗದದ ಕಾಯವನ್ನು ತೊರೆದು ತೆರೆಯ ಮೇಲೆ ಬೆಳಕಾಗಿ ಅವತರಿಸಿದ ಯುಗದಲ್ಲಿ, ಗದಗ ಸೀಮೆಯ ಒಂದು ಮೌಲ್ಯಮಾಪನ ಕೇಂದ್ರದಲ್ಲಿ, ಏಕತ್ರಿಂಶದ್ವರ್ಷಶೋಣಲೇಖನೀಧರರೂ ದುರಕ್ಷರದುರ್ಗಭೇದನಚತುರರೂ ಅಂಕಸಂಕಲನಧುರೀಣರೂ ಆದ, ಇತಿಹಾಸ ವಿಷಯದ ಮುಖ್ಯ ಮೌಲ್ಯಮಾಪಕ ಶ್ರೀ ನಾಗಭೂಷಣ ಅಬ್ಬಿಗೇರಿ ಸರ ಹೂಡಿದ ಮಹಾಸಮರವನ್ನು ಸಾವಧಾನವಾಗಿ ಕೇಳಿರಿ.

ಅಬ್ಬಿಗೇರಿ ಸರರಿಗೆ ಒಂದು ವ್ರತವಿತ್ತು. ಓದಿದ ಪ್ರತಿ ಪುಟದ ತಲೆಗೂ ಅವರು ಒಂದು ಸರಿಗುರುತು ಎಳೆಯುತ್ತಿದ್ದರು. ಅದು ಅಂಕವಲ್ಲ. ‘ಈ ಮಗು ಬರೆದದ್ದನ್ನು ಕಣ್ಣಾರೆ ಓದಿದ್ದೇನೆ’ ಎಂದು ದೇವರ ಮುಂದೆ ನುಡಿದ ಸಾಕ್ಷಿ. ಖಾಲಿ ಪುಟಕ್ಕೂ ಅದನ್ನು ತಪ್ಪಿಸುತ್ತಿರಲಿಲ್ಲ. ಖಾಲಿ ಎಂಬುದನ್ನೂ ಯಾರಾದರೂ ನೋಡಬೇಕಲ್ಲ! ಆ ಕೇಂದ್ರದ ಇತಿಹಾಸದ ಮೌಲ್ಯಮಾಪಕರೆಲ್ಲ ಅವರಿಂದಲೇ ಈ ದೀಕ್ಷೆ ಪಡೆದಿದ್ದರು.

ಈಗ ಪತ್ರಿಕೆ ಕಂಪ್ಯೂಟರಿಗೆ ಬಂದಿತ್ತು. ಯಾವ ಯಾವ ಗುರುತು ಬಳಸಬಹುದು, ಒಂದೊಂದು ಗುರುತಿಗೆ ಎಷ್ಟು ಅಂಕ ಎಂಬುದನ್ನು ಮುಖ್ಯರೇ ನಿಗದಿಪಡಿಸಿ ‘ಬೀಗ’ ಎಂಬ ಗುಂಡಿ ಒತ್ತಬೇಕು. ಅಲ್ಲಿಯವರೆಗೆ ಯಾರೂ ಒಂದು ಪತ್ರಿಕೆಯನ್ನೂ ಮುಟ್ಟುವಂತಿಲ್ಲ. ಮಧ್ಯಾಹ್ನ ಒಂದು ಗಂಟೆಯೊಳಗೆ ಬೀಗ ಬೀಳದಿದ್ದರೆ ಇತಿಹಾಸದ ಪತ್ರಿಕೆಗಳೆಲ್ಲ ಪಕ್ಕದ ಜಿಲ್ಲೆಯ ಕೇಂದ್ರದ ಪಾಲು. ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಅಬ್ಬಿಗೇರಿ ಸರರಿಗೆ ಇದೇ ಕಟ್ಟಕಡೆಯ ಮೌಲ್ಯಮಾಪನ. ಕಡೆಯ ಕಾಳಗದಲ್ಲಿ ಬಾವುಟವನ್ನು ಪರರ ಕೈಗೊಪ್ಪಿಸಿ ಮನೆಗೆ ಹೋಗುವುದೆಂದರೇನು!

ನಲವತ್ತು ಕಂಪ್ಯೂಟರುಗಳ ಮುಂದೆ ನಲವತ್ತು ಮಹಾರಥರು ಬೆಳಗಿನ ಹತ್ತು ಗಂಟೆಯಿಂದ ಕೈಕಟ್ಟಿ ಕೂತಿದ್ದರು. ಸರ ತಪ್ಪುಗುರುತಿನ ಮುಂದಿನ ಚೌಕದಲ್ಲಿ ಲೀಲಾಜಾಲವಾಗಿ ಸೊನ್ನೆ ಒತ್ತಿದರು. ಅಡಿಗೆರೆಗೆ ಸೊನ್ನೆ, ಸುತ್ತುಗೆರೆಗೆ ಸೊನ್ನೆ. ಸರಿಗುರುತಿನ ಚೌಕದ ಮುಂದೆ ಮಾತ್ರ, ತುಂಬಿದ ಹೊಳೆಯನ್ನು ಕಂಡ ಪಟ್ಟದಾನೆಯಂತೆ ನಿಂತುಬಿಟ್ಟರು.

ಪಕ್ಕದಲ್ಲಿದ್ದ ತಾಂತ್ರಿಕ ಸಹಾಯಕಿ ಹಸೀನಾ ನದಾಫ ಮೆಲ್ಲಗೆ ಹೇಳಿದಳು: “ಅದಕ್ಕೂ ಸೊನ್ನಿ ಹಾಕ್ರಿ ಸರ. ಅಂಕಾ ಹೆಂಗೂ ಬ್ಯಾರೆ ಕಡೆ ಕೊಡ್ತೀರಿ. ಇದು ಬರೇ ಗುರುತು.”

“ಸೊನ್ನಿ?”

ಸರ ಎದ್ದ ರಭಸಕ್ಕೆ ಗಾಲಿಗಳಿದ್ದ ಕುರ್ಚಿಯು ಸಾರಥಿಯಿಲ್ಲದ ರಥದಂತೆ ಹಿಂದಕ್ಕೋಡಿ ಗೋಡೆಗೆ ಬಡಿಯಿತು.

“ಏನಂದಿ ತಂಗಿ? ಸರಿ ಅಂತ ಬರದು, ಬಾಜೂಕ ಸೊನ್ನಿ ಇಡ್ಲೇನು? ಮೂವತ್ತೊಂದು ವರ್ಷ ಈ ಕೈ ತಪ್ಪಿಗೆ ಸೊನ್ನಿ ಕೊಟ್ಟೈತಿ, ಸರಿಗೆ ಎಂದೂ ಕೊಟ್ಟಿಲ್ಲ! ಆ ಹರ್ಷವರ್ಧನ ನರ್ಮದಾ ದಂಡಿಯಿಂದ ತಿರುಗಿ ಹೋಗಿರಬೇಕು. ಈ ಅಬ್ಬಿಗೇರಿ ಈ ಚೌಕದಿಂದ ಒಂದ ಹೆಜ್ಜಿ ಹಿಂದ ಸರಿಯೂದಿಲ್ಲ!”

“ನರ್ಮದಾ ಆಮ್ಯಾಲೆ ದಾಟೀರಂತ,” ಎಂದರು ಮೂರನೆಯ ಸಾಲಿನಿಂದ ಕುರಡಗಿ ಅಕ್ಕಾರು. ಇಪ್ಪತ್ತು ವರ್ಷ ಅವರ ಜೊತೆ ಪತ್ರಿಕೆ ತಿದ್ದಿದವರು, ಅಂಜಿಕೆ ಅರಿಯದವರು. “ಇಲ್ಲಿ ಕುಂತು ಕುಂತು ನಮ್ಮ ಟೊಂಕ ಹಿಡದಾವು. ಏನರೆ ಒಂದು ಹಾಕಿ ಮುಗಸ್ರಿ.”

ಸರ ಆ ಚೌಕದಲ್ಲಿ ‘ಒಂದು’ ಎಂದೇ ಹಾಕಿದರು. ಸಭೆಯನ್ನೊಮ್ಮೆ ಗಂಭೀರವಾಗಿ ಅವಲೋಕಿಸಿ, ಬೀಗದ ಗುಂಡಿಯತ್ತ ಬೆರಳು ಚಾಚಿದರು.

“ತಡೀರಿ ಸರ,” ಎಂದಳು ಹಸೀನಾ. “ಬೀಗ ಬಿತ್ತಂದ್ರ ತಗಿಯಾಕ ನಮಗ ಬರೂದಿಲ್ಲ. ಮೊದಲ ಒಂದು ಪತ್ರಿಕಿ ತಿದ್ದಿ ನೋಡ್ರಿ.”

ಪರೀಕ್ಷಾರ್ಥವಾಗಿ ಇಟ್ಟಿದ್ದ ಒಂದು ಪತ್ರಿಕೆ ತೆರೆಯಿತು: ಮೂವತ್ತೆರಡು ಪುಟ, ಒಂದಕ್ಷರವಿಲ್ಲ, ಶರತ್ಕಾಲದ ಆಕಾಶದಷ್ಟು ನಿರ್ಮಲ. ಸರ ವ್ರತಭಂಗ ಮಾಡಲಿಲ್ಲ. ಪುಟ ಪುಟವನ್ನೂ ದಿಟ್ಟಿಸಿ ನೋಡಿ, ತಲೆತಲೆಗೊಂದು ಸರಿಗುರುತು ಇಡುತ್ತ, ಬಾಣದ ಹಿಂದೆ ಬಾಣ ಹೂಡುವ ಬಿಲ್ಲುಗಾರನ ಏಕಾಗ್ರತೆಯಿಂದ ಕೊನೆಯ ಪುಟ ಮುಟ್ಟಿದರು. ಕೊನೆಯಲ್ಲಿ ಸೊನ್ನೆ ಬರಲೆಂದು ಕಾದರು. ತೆರೆ ಹಸಿರಾಯಿತು.

ಎಂಬತ್ತಕ್ಕೆ ಮೂವತ್ತೆರಡು. ಉತ್ತೀರ್ಣ.

“ಅಯ್ಯ ಶಿವನ!” ಕುರಡಗಿ ಅಕ್ಕಾರು ಎದ್ದುಬಂದು ಇಣುಕಿದರು. “ಹೆಸರ ಸೈತ ಬರೀದವ ಪಾಸಾದನಲ್ರೀ! ಹಿಂಗಾದ್ರ ನಮ್ಮ ಮನಿಯವರೂ ಪಾಸಾಗ್ತಾರ ನೋಡ್ರಿ.”

ಸಭೆ ಘೊಳ್ಳೆಂದಿತು. ಸರರ ಕಿವಿ ಕೆಂಪಾದವು. “ಯಂತ್ರಕ್ಕ ತಿಳುವಳಿಕಿಲ್ಲ,” ಎಂದು ಗೊಣಗಿದರು.

ಹಸೀನಾ ನಗಲಿಲ್ಲ. “ಓದಿದವರು ನೀವು ಸರ. ನೀವು ಓದಿದ್ದಕ್ಕ ಹುಡುಗರಿಗೆ ಯಾಕ್ರಿ ಅಂಕಾ?”

ಹರ್ಷನ ಸೈನ್ಯಕ್ಕೂ ಹೆದರದವರು ಆ ಒಂದು ಮಾತಿಗೆ ಕುರ್ಚಿ ಎಳೆದುಕೊಂಡು ಕೂತರು. ಹೌದಲ್ಲ! ಕಾಗದದ ಕಾಲದಲ್ಲಿ ಆ ಗುರುತನ್ನು ಯಾರೂ ಎಣಿಸಿರಲಿಲ್ಲ, ತಾವೂ ಎಣಿಸಿರಲಿಲ್ಲ. ದೇವರಿಗೆ ಹೇಳಿದ ಸಾಕ್ಷಿಗೆ ಬೆಲೆ ಕಟ್ಟಬೇಕೆಂಬ ಹಟ ಇವತ್ತು ಎಲ್ಲಿಂದ ಬಂತು? ಎದುರಿಗೊಂದು ಚೌಕ ಕಂಡಿತೆಂದು ಬಂತು, ಅಷ್ಟೆ. ಗೋಡೆಯ ಗಡಿಯಾರ ಒಂದಕ್ಕೆ ಏಳು ನಿಮಿಷ ಕಡಿಮೆ ತೋರಿಸುತ್ತಿತ್ತು.

ಆಗ ಅಬ್ಬಿಗೇರಿ ಸರ, ಶೋಣಲೇಖನೀಕಿಣಾಂಕಿತವಾದ ತಮ್ಮ ಬಲಗೈಯ ತೋರುಬೆರಳನ್ನೆತ್ತಿ, ಅಷ್ಟದಿಕ್ಪಾಲಕರು ಉಸಿರು ಬಿಗಿಹಿಡಿದಿರಲು, ಒಂದನ್ನು ಅಳಿಸಿ ಸೊನ್ನೆ ಒತ್ತಿದರು. ಬೀಗ ಬಿತ್ತು.

“ಆತೇನ್ರಿ?” ಎಂದರು ಕುರಡಗಿ ಅಕ್ಕಾರು.

“ಆತು.”

“ಏನ ಮಾಡಿದ್ರಿ?”

“ಸೊನ್ನಿ ಹಾಕಿದೆ.”

“ಇದಕ್ಕ ಮೂರು ತಾಸು!” ಎಂದು ಅವರು ಬುತ್ತಿಯ ಚೀಲ ಎತ್ತಿಕೊಂಡರು. ನಲವತ್ತು ಮಹಾರಥರೂ ಒಂದೇ ಒಂದು ಪತ್ರಿಕೆ ತಿದ್ದದೆ ಊಟಕ್ಕೆ ಎದ್ದರು.

ಸರ ಮಾತ್ರ ಮೊದಲ ಪತ್ರಿಕೆ ತೆರೆದರು. ಮೊದಲ ಪುಟ ಓದಿ, ತಲೆಗೊಂದು ಸರಿಗುರುತು ಇಟ್ಟರು. ಪಕ್ಕದಲ್ಲಿ ಸಣ್ಣದಾಗಿ ಸೊನ್ನೆ ಮೂಡಿತು. ಅದನ್ನೊಂದು ಗಳಿಗೆ ನೋಡಿ, ಎರಡನೆಯ ಪುಟಕ್ಕೆ ಹೋದರು.