ಗ್ವಾದಲಿಗೆ ಕಟ್ಟಿದ ವಿಮಾನ

ಒಂದು ಒಗಟು ಹೇಳ್ತೇನಿ, ಒಡೀರಿ ನೋಡೋಣ. ಮುಗಿಲಾಗ ಹಾರ್ತೈತಿ, ಎತ್ತಿನ ಬಾಜೂಕ ನಿಂತೈತಿ, ಕೊರಳಾಗ ಹಗ್ಗ, ಮೈಮ್ಯಾಲ ಕೇಸು. ಏನದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರೂದಿಲ್ಲ. ನಮ್ಮ ಇಂಡಿ ಪಟ್ಟಣದ ವಕೀಲರಿಗೇ ಬರಲಿಲ್ಲ. ಅದು ನಮ್ಮ ಡ್ರೋನು. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು, ಡ್ರೋನ್ ತರಬೇತಿ ಮುಗಿಸಿ, ಈಗ ಹೊಲಗಳಿಗೆ ಎಣ್ಣಿ ಹೊಡೆಯುತ್ತೇನೆ. ಎಣ್ಣಿ ಅಂದ್ರೆ ಬೆಳೆಗೆ ಬಿದ್ದ ಕೀಡಿಗೆ ಹೊಡೆಯುವ ಔಷಧ. ನಾನು ಎಷ್ಟು ನೆಟ್ಟಗೆ ಹಾರಿಸಿದರೂ ಏನಾದರೊಂದು ಸೊಟ್ಟ ಆಗಿಯೇ ಆಗುತ್ತದೆ. ಅದು ನನ್ನ ಹಣೆಬರಹ.

೧. ಹೊಲ ಹೊಕ್ಕ ದನ

ಸಿಂದಗಿ ಹಾದಿಯ ಒಂದು ಹೊಲದಲ್ಲಿ ತೊಗರಿಗೆ ಹೊಡೆಯುತ್ತಿದ್ದೆ. ಗಾಳಿ ಎದ್ದಿತು. ಡ್ರೋನು ನನ್ನ ಮಾತು ಕೇಳದೆ ಒಡ್ಡು ದಾಟಿ, ಬಾಜೂ ಹೊಲದ ಕಡಲೆಯಲ್ಲಿ ಹೋಗಿ ಕೂತಿತು. ರೆಕ್ಕೆಗೆ ಸಿಕ್ಕು ನಾಲ್ಕು ಗಿಡ ಬೋಳಾದವು.

ಹೊಲ ಹೊಕ್ಕ ದನವನ್ನು ಕಟ್ಟಿಹಾಕಿ, ಅದರ ಧಣಿ ಬಂದು ತಪ್ಪು ಒಪ್ಪಿದ ಮೇಲೆ ಬಿಡುವುದು ನಮ್ಮ ಕಡೆಯ ರೂಢಿ. ನಾನು ಓಡಿ ಮುಟ್ಟುವಷ್ಟರಲ್ಲಿ ಆ ಹೊಲದ ಧಣಿ, ನಾವು ಮುತ್ಯಾ ಅನ್ನುವ ಮುದುಕ, ಹೊಲದಲ್ಲೇ ಇದ್ದ ದನದ ಮನೆಯೊಳಗೆ, ಎತ್ತು ಎಮ್ಮೆಗಳ ನಡುವೆ ನನ್ನ ಡ್ರೋನನ್ನು ಮೇವು ಹಾಕುವ ಗ್ವಾದಲಿಗೆ ಕಟ್ಟಿದ್ದ.

"ಮುತ್ಯಾ, ಅದು ಡ್ರೋನ್ ರೀ, ದನ ಅಲ್ಲ!"

"ನನ್ನ ಹೊಲ ಹೊಕ್ಕೈತಿಲ್ಲೋ?"

"ಹೊಕ್ಕೈತ್ರಿ."

"ಕಡ್ಲಿ ಮೇದೈತಿಲ್ಲೋ?"

ಬೋಳು ಗಿಡ ನೋಡಿದೆ. "ಹಂಗ ಕಾಣ್ತೈತ್ರಿ."

"ಮತ್ತ ದನ ಅಂದ್ರ ಇನ್ನೇನಲೇ? ಹೋಗ, ನಿಮ್ಮಪ್ಪನ್ನ ಕರ್ಕೊಂಡ ಬಾ."

ಅಪ್ಪ ಬರಲಿಲ್ಲ. "ಹುಣ್ಣಿವಿ ಒಳಗ ಡ್ರೋನ್ ಮನಿಗೆ ಬರಬೇಕು. ಇಲ್ಲಾಂದ್ರ ನೀ ಕಾಲೇಜಿಗೆ ಹೋಗಬೇಕು" ಎಂದ. ಕಾಲೇಜು ಅಂದದ್ದಕ್ಕೇ ನನಗೆ ಅಲ್ಲೇ ಚಳಿಜ್ವರ ಬಂತು.

೨. ವಿಮಾನದ ಬೋರ್ಡು

ಇಂಡಿಯಲ್ಲಿ ಒಬ್ಬರು ವಕೀಲ ಅಕ್ಕಾರು ಇದ್ದಾರೆ. ಮುಂಬೈಯಲ್ಲಿ ವಿಮಾನ ಕಂಪನಿಗಳ ಕೇಸು ನಡೆಸಿ ಊರಿಗೆ ಮರಳಿದವರು. 'ವ್ಯಾಪಾರ ಹಾಗೂ ವಿಮಾನ ವ್ಯಾಜ್ಯಗಳು' ಎಂದು ಬೋರ್ಡು ಹಾಕಿದ್ದಾರೆ. ವ್ಯಾಪಾರದ್ದು ಸರಿ; ಲಾರಿಯಲ್ಲೇ ಲಿಂಬಿಹಣ್ಣು ಕೊಳೆತವು ಅಂತ ದಿನಾ ಒಬ್ಬರು ಬರ್ತಾರೆ. ವಿಮಾನದ ಹೆಸರು ಹೇಳಿ ಬಂದವರು ಮಾತ್ರ ಎಲ್ಲರೂ ದುಬೈ ಟಿಕೀಟು ಕೇಳಿದವರೇ.

ನಾನು ಹೋಗಿ, "ಅಕ್ಕಾರ, ನಮ್ಮ ವಿಮಾನ ಹಿಡದ ಹಾಕ್ಯಾರ್ರಿ" ಎಂದೆ. ಅಕ್ಕಾರು ಕುರ್ಚಿಯಿಂದ ಎದ್ದೇಬಿಟ್ಟರು. ಕರಿ ಕೋಟು ಹಾಕಿಕೊಂಡರು.

"ಯಾವ ವಿಮಾನ ನಿಲ್ದಾಣದಾಗ?"

"ಎಮ್ಮಿ ಬಾಜೂಕ ರೀ."

ಎಲ್ಲ ಕೇಳಿ ಅಕ್ಕಾರು ಮತ್ತೆ ಕೂತರು. ಕೋಟು ಮಾತ್ರ ಬಿಚ್ಚಲಿಲ್ಲ. ಎಷ್ಟಂದ್ರೂ ಊರಿಗೆ ಬಂದ ಮೇಲಿನ ಮೊದಲ ವಿಮಾನ.

೩. ಗೋಡೆ ಏರಿದ ನೋಟೀಸು

ಅಕ್ಕಾರು ಆರು ಪುಟದ ನೋಟೀಸು ಕಳಿಸಿದರು. 'ಸದರಿ ವಿಮಾನವನ್ನು ಅಕ್ರಮ ಬಂಧನದಿಂದ ಕೂಡಲೇ ಬಿಡತಕ್ಕದ್ದು.' ಮುತ್ಯಾ ಹೆದರಿ ಬಿಟ್ಟಾನು ಅಂದುಕೊಂಡೆವು.

ಮುತ್ಯಾ ನೋಟೀಸಿಗೆ ಗಾಜಿನ ಕಟ್ಟು ಹಾಕಿಸಿ, ದನದ ಮನೆಯ ಗೋಡೆಗೇ ತೂಗುಹಾಕಿದ. ಬಂದವರಿಗೆಲ್ಲ ಚಹಾ ಕೊಟ್ಟು, "ನಾ ವಿಮಾನ ಹಿಡದೇನಿ ಅಂತ ವಕೀಲರ ಬರದ ಕೊಟ್ಟಾರ ನೋಡ್ರಿ, ಸಹೀನೂ ಐತಿ" ಅನ್ನುತ್ತಿದ್ದ. ಮುದ್ದೇಬಿಹಾಳ, ಬಾಗೇವಾಡಿಯ ಬೀಗರೂ ಬಂದು ನೋಡಿ ಹೋದರು. ಅವರಲ್ಲೊಬ್ಬ ಡ್ರೋನಿಗೆ ಕುಂಕುಮ ಹಚ್ಚಿ ಹೋದ.

೪. ಮೈಗಳ್ಳ ದನ

ಹುಣ್ಣಿವೆಗೆ ಒಂದೇ ದಿನ. ಅಕ್ಕಾರು ಕೋಟು ಸಮೇತ ಹೊಲಕ್ಕೇ ಬಂದರು. ಹಿಂದೆ ನಾನು, ಚಾರ್ಜ್ ಮಾಡಿದ ಬ್ಯಾಟರಿ ಹೊತ್ತುಕೊಂಡು.

"ಆತ್ರಿ ಮುತ್ಯಾ, ದನಾನೇ ಅನ್ನೂಣು" ಎಂದರು ಅಕ್ಕಾರು.

"ದನಾನೇ. ಅದೂ ಮೈಗಳ್ಳ ದನ. ಹನ್ನೆರಡ ದಿನಾ ಕಟ್ಟೇನವಾ, ಒಂದ ಬುಟ್ಟಿ ಸಗಣಿ ಹಾಕಿಲ್ಲ!"

"ಮೇವು ಹಾಕೀರೇನು?"

"ದಿನಾ ಹಾಕೇನಿ. ಕಣಿಕಿ ಇದ್ದಲ್ಲೇ ಐತಿ."

ಅಕ್ಕಾರ ಕಣ್ಣು ಮಿಂಚಿದವು. "ಬಾಯಿ ಮುಂದಿನ ಕಣಿಕಿ ಮುಟ್ಟದ ದನ, ನಿಮ್ಮ ಕಡ್ಲಿ ಹೆಂಗ ಮೇದೀತ್ರಿ?"

ಮುತ್ಯಾ ದಂಗಾದ. ಮಂದಿ ಚಪ್ಪಾಳೆ ಹೊಡೆದರು. ಅವ ತಲೆ ತಗ್ಗಿಸಿ ಹಗ್ಗ ಬಿಚ್ಚಿದ, ನನ್ನ ಕಾಲೇಜು ತಪ್ಪಿತು.

ಹಿಂಗ ಮುಗಿದರೆ ಚಂದ ಅಂತ ಈ ಕಡೀ ಚಪ್ಪಾಳೆ, ತಗ್ಗಿಸಿದ ತಲೆ ಎಲ್ಲಾ ನಾನೇ ಕಟ್ಟಿದ್ದು. ಕಾಲೇಜು ತಪ್ಪಿದ್ದಷ್ಟೇ ಖರೆ. ಮುತ್ಯಾ ಎಲ್ಲಿ ದಂಗಾಗ್ತಾನ? "ಹಸೀ ಕಡ್ಲಿ ತಿಂದ ನಾಲಗಿ ಒಣಾ ಕಣಿಕಿ ಮುಟ್ಟತೈತೇನವಾ?" ಅಂದುಬಿಟ್ಟ. ಅಕ್ಕಾರು ಕಣ್ಣು ಮುಚ್ಚಿ ನೋಟೀಸನ್ನು ಮೊದಲಿಂದ ಬಾಯಿಪಾಠ ಹೇಳಹತ್ತಿದರು. ಆಗ ಮುತ್ಯಾ ನನ್ನ ಕಿವಿಯಲ್ಲಿ, "ತಮ್ಮಾ, ನನ್ನ ತೊಗರಿಗೂ ಕೀಡಿ ಬಿದ್ದಾವು. ಎಣ್ಣಿ ಕಲಸಿ ಇಟ್ಟೇನಿ. ಒಂದ ಸುತ್ತ ಹೊಡದ, ನಿನ್ನ ದನಾ ಹೊಡ್ಕೊಂಡ ಹೋಗ" ಎಂದ.

ಅಕ್ಕಾರು ಬೆರಳೆತ್ತಿ, "ಸದರಿ ವಿಮಾನವು ಇಂದಿಗೂ ಬಂಧನದಲ್ಲಿದ್ದು..." ಅನ್ನುವಾಗ, ಸದರಿ ವಿಮಾನ ಅವರ ಬೆನ್ನ ಹಿಂದೆ ಮುತ್ಯಾನ ತೊಗರಿಗೆ ಎಣ್ಣಿ ಹೊಡೆಯುತ್ತಿತ್ತು.